ನಲ್ಲೂರು ಪ್ರೇಮಮ್ಮನ ಮೋಟಾರು

ಹೊನ್ನಾಳಿಯಲ್ಲಿ ಯಾರ ಮನೆಯ ವಾಷಿಂಗ್ ಮಷಿನ್ ಕೆಟ್ಟರೂ ಅದು ಬೆನಕಪ್ಪನವರ ಅಂಗಡಿಗೆ ಬರುತ್ತದೆ. ಬಂದದ್ದು ಅಲ್ಲೇ ನಿಲ್ಲುತ್ತದೆಯೇ? ಊಟದ ಹೊತ್ತಿಗೆ ನೆಟ್ಟಗೆ ತಟ್ಟೆಯ ಪಕ್ಕಕ್ಕೇ ಬಂದು ಕೂರುತ್ತದೆ. ಮನೆಯ ಮುಂದಿನ ಕೋಣೆ ಅಂಗಡಿ, ಹಿಂದೆ ಸಂಸಾರ, ನಡುವೆ ಹಳೇ ಸೀರೆಯ ಒಂದು ಪರದೆ. ಆ ಕಡೆಯ ಜಗಳ ಈ ಕಡೆ ಬರಲು ಯಾರ ಅಪ್ಪಣೆಯೂ ಬೇಕಿಲ್ಲ.

ಸೊಸೆ ಶಿವಲೀಲಾ ಈ ಮನೆಗೆ ಬಂದು ಒಂಬತ್ತು ವರ್ಷ. ಮಾವನೂ ಗಂಡನೂ ಮೋಟಾರು, ಬೆಲ್ಟಿನ ಮಾತಿಲ್ಲದೆ ಒಂದು ಹೊತ್ತು ರೊಟ್ಟಿ ಮುರಿದದ್ದನ್ನು ಅವಳು ಕಂಡಿಲ್ಲ.

"ಕಂಪನಿಯೋರೇ ಹಳೇ ಮಾಡೆಲ್ಲಿಗೆ ಪಾರ್ಟ್ ಮಾಡೋದು ಬಿಟ್ಟವ್ರೆ, ಅಪ್ಪಾಜಿ. ದಾವಣಗೆರೆಯಲ್ಲಿ ಏನು ಸಿಗುತ್ತೋ ಅದನ್ನೇ ಹಾಕಬೇಕು. ಕಣ್ಮುಂದೆ ಪ್ಯಾಕೆಟ್ ಒಡೆದು ಹಾಕಿದ್ರೇನೇ ಜನಕ್ಕೆ ಸಮಾಧಾನ," ಎಂದು ಮಗ ಗುರುಬಸವರಾಜ್ ಅನ್ನುವುದು.

"ಪ್ಯಾಕೆಟ್ ತಿರುಗುತ್ತೇನೋ? ತಿರುಗೋದು ಮೋಟಾರು," ಎಂದು ಬೆನಕಪ್ಪ ಅನ್ನುವುದು.

"ಎಣ್ಣೆಗಾಯಿ ಆರ್ತಾ ಐತೆ, ತಿನ್ರಪ್ಪ ಇಬ್ರೂ," ಎಂದು ಅತ್ತೆ ಕಸ್ತೂರಮ್ಮ ಅನ್ನುವುದು.

ಬೆನಕಪ್ಪನವರಿಗೆ ಮೂವತ್ತು ವರ್ಷದಿಂದ ಎರಡು ಅಭ್ಯಾಸ. ಬದಲಿಸಿದ ಹಳೇ ಪಾರ್ಟನ್ನು ಪೇಪರಿನಲ್ಲಿ ಸುತ್ತಿ ಗಿರಾಕಿಯ ಕೈಗೇ ಕೊಡುತ್ತಾರೆ. "ನಿಮ್ಮ ವಸ್ತು, ನೋಡಿಕೊಳ್ರಿ" ಅನ್ನುತ್ತಾರೆ. ಇನ್ನೊಂದು, ಜನ ಬಿಟ್ಟುಹೋದ ಸತ್ತ ಮಷಿನ್‌ಗಳನ್ನು ಬಿಚ್ಚಿ, ಜೀವ ಇರುವುದನ್ನೆಲ್ಲ ಡಬ್ಬಗಳಲ್ಲಿ ಎತ್ತಿಡುತ್ತಾರೆ. ಡಬ್ಬದ ಮೇಲೆ ಮಾಡೆಲ್ ನಂಬರಿಲ್ಲ, ಸೀಮೆಸುಣ್ಣದಲ್ಲಿ ಮನೆಯ ಹೆಸರು. ಚನ್ನಗಿರಿ ಮೇಷ್ಟ್ರ ಟೈಮರ್. ನ್ಯಾಮತಿ ಉಷಾರಾಣಿ ಗೇರ್ ಬಾಕ್ಸ್. ನಲ್ಲೂರು ಪ್ರೇಮಮ್ಮ ಮೋಟಾರ್. ಪ್ರೇಮಮ್ಮನವರು ಇನ್ನೂ ಗುಂಡುಕಲ್ಲಿನ ಹಾಗಿದ್ದಾರೆ. ಟಬ್ ಸೀಳಿ ಸತ್ತದ್ದು ಅವರ ಮಷಿನ್ ಮಾತ್ರ. ಆ ಡಬ್ಬಗಳನ್ನು ಕಂಡರೆ ಗುರುವಿಗೆ ಮೈ ಉರಿಯುತ್ತದೆ. "ಅಪ್ಪ ಹಾಕಿದ ಆಲದಮರ ಅಂತ ನೇಣು ಹಾಕ್ಕೊಳ್ಳಾಕೆ ಆಗುತ್ತಾ? ಯಾರದೋ ಮನೆಯ ಹಳೇ ಮೋಟಾರು ಇನ್ನೊಬ್ಬರ ಮನೆಗೆ ಹಾಕಿದ್ರೆ ಜನ ಮುಖಕ್ಕೆ ಉಗೀತಾರೆ," ಎಂದು ಎಷ್ಟು ಸಲ ಹೇಳಿದ್ದಾನೋ.

ಎರಡು ವರ್ಷದಿಂದ ಬೆನಕಪ್ಪನವರ ಕೈ ನಡುಗುತ್ತದೆ. ಸ್ಕ್ರೂಡ್ರೈವರ್ ಮಗನ ಕೈಗೆ ಹೋಯಿತು, ಬಿಲ್ ಪುಸ್ತಕ ಸೊಸೆಯ ಕೈಗೆ ಬಂತು. ಶಿವಲೀಲಾಳ ಅಕ್ಷರ ದುಂಡಗೆ, ಮುದ್ದಾಗಿದೆ. ಮಾತು ಗಂಡನದು, ಅಕ್ಷರ ಅವಳದು. ಆ ಅಕ್ಷರವೇ ಅವಳನ್ನು ಸಿಕ್ಕಿಸಿ ಹಾಕಿತು ನೋಡಿ.

ಯುಗಾದಿ ಕಳೆದ ವಾರ ಸವಳಂಗದಿಂದ ಫೋನ್ ಬಂತು.

"ಲೀಲಾ, ನಾನು ಕಣವ್ವ, ಅಂಗನವಾಡಿ ಕರಿಬಸಮ್ಮ. ಮಷಿನ್ ನಿಂತೋಗೈತೆ. ಸುಟ್ಟ ವಾಸನೆ ಬಡೀತೈತೆ."

ಸವಳಂಗ ಶಿವಲೀಲಾಳ ತವರು. ಅಲ್ಲಿನ ಅಂಗನವಾಡಿಯಲ್ಲಿ ಅವಳಿಗೆ ಉಪ್ಪಿಟ್ಟು ತಿನ್ನಿಸಿ, ಮೂಗು ಒರೆಸಿದವಳು ಈ ಕರಿಬಸಮ್ಮ. ಈಗ ಅವಳ ಗಂಡ ಮಾರಪ್ಪನಿಗೆ ಲಕ್ವ ಹೊಡೆದು ಎರಡು ವರ್ಷ, ಹಾಸಿಗೆ ಬಿಟ್ಟು ಏಳುವ ಹಾಗಿಲ್ಲ. ದಿನಕ್ಕೆ ಮೂರು ದುಪ್ಪಟಿ, ಎರಡು ಲುಂಗಿ ಒಗೆಯಲೇಬೇಕು. ಮಷಿನ್ ಹದಿನಾಲ್ಕು ವರ್ಷದ್ದು; ಮಗಳು ಅಂಬಿಕಾ ಚನ್ನಗಿರಿಯಲ್ಲಿ ನರ್ಸ್ ಆದ ಹೊಸದರಲ್ಲಿ ಕೊಡಿಸಿದ್ದು. "ಹೊಸದು ತರ್ತೀನಿ ಅಂತಾಳೆ ಹುಡುಗಿ. ನಾನೇ ಬೇಡ ಅಂದೆ. ಇದಕ್ಕೇನಾಗೈತೆ? ಒಂದು ಮೋಟಾರು ತಾನೇ?" ಅಂದಳು ಕರಿಬಸಮ್ಮ.

"ನಮ್ಮೋರನ್ನ ನಾಳೇನೇ ಕಳಿಸ್ತೀನಿ ಅಕ್ಕ. ನೀವು ಚಿಂತೆ ಬಿಡ್ರಿ," ಎಂದಳು ಶಿವಲೀಲಾ.

ಗುರು ಮಾರನೇ ದಿನವೇ ಹೋಗಿ ಹೊಸ ಮೋಟಾರು ಹಾಕಿ ಬಂದ. ಹೊರಡುವ ಮುಂಚೆ ಶಿವಲೀಲಾ ಬಿಲ್ ಬರೆದುಕೊಟ್ಟಿದ್ದಳು: ಹೊಸ ಮೋಟಾರ್, ತಾಮ್ರದ ವೈಂಡಿಂಗ್, ಒಂದು ವರ್ಷ ಗ್ಯಾರಂಟಿ. ಸಂಜೆ ಕರಿಬಸಮ್ಮ ಮತ್ತೆ ಫೋನ್ ಮಾಡಿದಳು. "ಇದು ನಿನ್ನ ಅಕ್ಷರ ಅಲ್ವಾ? ಹಂಗಾದ್ರೆ ಸರಿ. ಅಂಬೇಡ್ಕರ್ ಫೋಟೋ ಹಿಂದೆ ಸಿಕ್ಕಿಸಿ ಇಟ್ಟೀನಿ."

ಇಪ್ಪತ್ತೆರಡನೇ ದಿನಕ್ಕೆ ಮೋಟಾರು ಸುಟ್ಟಿತು.

"ಸವಳಂಗದಲ್ಲಿ ವೋಲ್ಟೇಜ್ ಇಲ್ಲ. ಬೇಸಿಗೆ ನೋಡು," ಎಂದ ಗುರು. ದಾವಣಗೆರೆಯ ಅಂಗಡಿಯವನು ತಕರಾರಿಲ್ಲದೆ ಸುಟ್ಟದ್ದನ್ನು ವಾಪಸ್ ತೆಗೆದುಕೊಂಡು ಅದೇ ಜಾತಿಯ ಇನ್ನೊಂದು ಕೊಟ್ಟ. ಅದು ಹದಿನೇಳು ದಿನ ಬಾಳಿತು.

ಆ ರಾತ್ರಿ ಮುದ್ದೆ ಬಡಿಸುವ ಮೊದಲೇ ಶುರುವಾಯಿತು.

"ಸುಟ್ಟ ಮೋಟಾರು ಎಲ್ಲಿ? ಆಯಮ್ಮನ ಕೈಗೆ ಕೊಟ್ಟು ಬಂದ್ಯಾ?" ಎಂದು ಬೆನಕಪ್ಪ ಕೇಳಿದರು.

"ಅದನ್ನ ದಾವಣಗೆರೆಗೆ ಕೊಡದೆ ಅವನು ಬೇರೆ ಕೊಡ್ತಾನಾ, ಅಪ್ಪಾಜಿ?"

"ಒಡೆದು ನೋಡಿದ್ಯಾ, ಒಳಗೆ ತಾಮ್ರ ಐತೋ ಇಲ್ವೋ?"

"ಕೆರೆದು ನೋಡಿದ್ರೆ ಅವನು ವಾಪಸ್ ತಗಳ್ಳಲ್ಲ. ತಂತಿ ಕೆಂಪಗೇ ಐತಲ್ಲ, ಕಣ್ಣಿಗೆ ಕಾಣಲ್ವಾ?"

"ಬೆಳ್ಳಗಿರೋದೆಲ್ಲ ಹಾಲಲ್ಲ ಕಣೋ. ಹಂಗೇ ಕೆಂಪಗಿರೋದೆಲ್ಲ ತಾಮ್ರ ಅಲ್ಲ. ಪ್ರೇಮಮ್ಮಂದು ಐತೆ, ಕಂಪನಿ ಮೋಟಾರು, ಹಾಕು. ನಾನು ಹೇಳ್ತೀನಿ."

"ನೀವು ಹೇಳೋದು ಇಷ್ಟೇ!" ಗುರುವಿನ ದನಿ ಏರಿತು. "ನಾನು ತಂದದ್ದೆಲ್ಲ ಕಸ, ನೀವು ಡಬ್ಬದಲ್ಲಿಟ್ಟಿದ್ದೆಲ್ಲ ಚಿನ್ನ. ಹನ್ನೆರಡು ವರ್ಷ ಆಯ್ತು ನಾನು ಈ ಕೆಲಸಕ್ಕೆ ಕೂತು. ಒಂದು ದಿನ, ಒಂದೇ ದಿನ, 'ಗುರು, ಇದು ಚೆನ್ನಾಗಿ ಮಾಡಿದೀಯ' ಅಂದೀರಾ?"

ಬೆನಕಪ್ಪ ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿದರು. ಶಿವಲೀಲಾಳಿಗೆ ಗಂಡನ ಮೇಲೆ ಸಿಟ್ಟಿತ್ತು, ಆದರೂ ಆ ಮಾತು ಕೇಳಿ ಅವನಿಗೆ ಇನ್ನೊಂದು ಸೌಟು ಸಾರು ಬಡಿಸಿದಳು. ಅಯ್ಯೋ, ಮೂವತ್ತಾರು ವರ್ಷದ ಗಂಡಸು ಹೀಗೆ ಬಾಯಿಬಿಟ್ಟು ಕೇಳಬೇಕೇ!

ಮೂರನೇ ಸಲ ಮಷಿನ್ನನ್ನೇ ಲಗೇಜ್ ಆಟೋದಲ್ಲಿ ಹೊನ್ನಾಳಿಗೆ ತರಿಸಿದರು. ಗುರು ಮತ್ತೊಂದು ಹೊಸ ಮೋಟಾರು ಹಾಕಿದ. ಅವನದೂ ಒಂದು ಅಭ್ಯಾಸ: ಹಾಕಿದ ಮೋಟಾರಿನ ಮೇಲೆ ಮಾರ್ಕರ್ ಪೆನ್ನಿನಲ್ಲಿ ಗಿರಾಕಿಯ ಹೆಸರು, ತಾರೀಖು ಬರೆಯುವುದು. ಬರೆದು, ಹಿಂದಿನ ಮುಚ್ಚಳ ಮುಚ್ಚಿ, ಜಗಳೂರಿಗೆ ಹೋದ. ಅಲ್ಲೊಂದು ಖಾಸಗಿ ಹಾಸ್ಟೆಲಿನಲ್ಲಿ ಹನ್ನೆರಡು ಹಳೇ ಮಷಿನ್‌ಗಳಿದ್ದವು, ಅವನ್ನೆಲ್ಲ ನೋಡಿ ಬರಲು ಎರಡು ದಿನ. ಅವನು ಬರುವಷ್ಟರಲ್ಲಿ ಬೆನಕಪ್ಪನವರೇ ಆಟೋ ಹಿಡಿದು ಕರಿಬಸಮ್ಮನ ಮಷಿನ್ನನ್ನು ಸವಳಂಗಕ್ಕೆ ಕಳಿಸಿದ್ದರು.

ಒಂದು ವಾರ ಕಳೆಯಿತು, ಮೂರು ವಾರ ಕಳೆಯಿತು. ಶಿವಲೀಲಾ ದಿನಾ ಫೋನಿನ ಕಡೆ ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ ತಾನೇ ಫೋನ್ ಮಾಡಿದಳು.

"ಓಡ್ತೈತೆ ಕಣವ್ವ! ಮೊದಲಿನಂಗೇ ಗುಂಯ್ ಅಂತೈತೆ," ಎಂದಳು ಕರಿಬಸಮ್ಮ.

ಊಟದ ಹೊತ್ತಿಗೆ ಸುದ್ದಿ ಹೇಳಿದಾಗ ಗುರು ತಂದೆಯ ಮುಖ ನೋಡಿದ. ಬೆನಕಪ್ಪ ತಲೆ ಎತ್ತದೆ, "ಹೂಂ. ಚೆನ್ನಾಗಿ ಓಡ್ತಾ ಐತಂತೆ. ಒಳ್ಳೇ ಮೋಟಾರು," ಎಂದರು.

ಇಷ್ಟೇ ಮಾತು. ಗುರು ಅವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದ. ಮಾರನೇ ಸಂಜೆ ಮನೆಮಂದಿಗೆಲ್ಲ ಮಿರ್ಚಿ ಕಟ್ಟಿಸಿಕೊಂಡು ಬಂದ. ಅಡುಗೆಮನೆಯಲ್ಲಿ ಹೆಂಡತಿಯ ಪಕ್ಕ ನಿಂತು, "ಕೇಳಿದ್ಯಾ ಲೀಲಾ, ಒಳ್ಳೇ ಮೋಟಾರು ಅಂದ್ರು," ಎಂದು ಮೆಲ್ಲಗೆ ಹೇಳಿದ. ಇನ್ನೂ ಎರಡು ವಾರ ಕಾದು, ಆ ಧೈರ್ಯದ ಮೇಲೆ ಜಗಳೂರಿನ ಹಾಸ್ಟೆಲಿಗೂ ಅದೇ ಮೋಟಾರು ಒಪ್ಪಿಕೊಂಡ. ಹನ್ನೆರಡು ಡಬ್ಬಿ ದಾವಣಗೆರೆಯಿಂದ ಬಂದು ಅಂಗಡಿಯಲ್ಲಿ ಕುಳಿತವು. ಸೋಮವಾರ ಹೊರಡುವುದು. ಶಿವಲೀಲಾ ದುಂಡು ಅಕ್ಷರದಲ್ಲಿ ಹನ್ನೆರಡು ಸಲ ಬರೆದಳು: ತಾಮ್ರದ ವೈಂಡಿಂಗ್, ಒಂದು ವರ್ಷ ಗ್ಯಾರಂಟಿ.

ಶನಿವಾರ ಮಧ್ಯಾಹ್ನ ಅತ್ತೆಯ ತಮ್ಮ ಮುರುಗೇಶಪ್ಪ ಬರುವವರಿದ್ದರು. ಒಗ್ಗರಣೆ ಮಂಡಕ್ಕಿ ಮಾಡೋಣವೆಂದು ಶಿವಲೀಲಾ ಅಟ್ಟದ ಮೇಲಿನ ದೊಡ್ಡ ಡಬ್ಬ ಇಳಿಸಲು ಹೋದಳು. ಮಂಡಕ್ಕಿ ಡಬ್ಬ ಎಂದರೆ ಒಂದು ಕೈಯಲ್ಲಿ ಇಳಿಯುವ ವಸ್ತು. ಇದು ಭುಜ ಜಗ್ಗಿತು. ಕೈ ಹಾಕಿ ಕೆದಕಿದರೆ ತಳದಲ್ಲಿ ಮಾವನ ಹಳೇ ಪಂಚೆ, ಪಂಚೆಯೊಳಗೆ ಹೊಸ ಮೋಟಾರು. ಮೇಲೆ ಗಂಡನ ಕೈಬರಹ: ಸವಳಂಗ ಕರಿಬಸಮ್ಮ.

"ಅತ್ತೇ!"

ಕಸ್ತೂರಮ್ಮ ಒಳಗೆ ಬಂದರು, ಡಬ್ಬ ನೋಡಿದರು, ಬಾಗಿಲ ಹತ್ತಿರವೇ ಕುಳಿತುಬಿಟ್ಟರು.

"ಕೂಗಬೇಡ ಕಣೆ, ಅಂಗಡಿಗೆ ಕೇಳ್ತೈತೆ. ನಿಮ್ಮ ಮಾವ ಬಿಚ್ಚಿ ಪ್ರೇಮಮ್ಮಂದು ಹಾಕಿದ್ರು. ಅವರ ಕೈ ನಡುಗ್ತಿತ್ತು, ಸ್ಕ್ರೂ ನಾನೇ ತಿರುವಿದೆ. ನೀನು ಪಾಪೂನ ಸ್ಕೂಲಿಗೆ ಬಿಡಾಕೆ ಹೋಗಿದ್ದೆ."

"ಯಾಕೆ ಹೇಳ್ಲಿಲ್ಲ ಅತ್ತೆ?"

"ಹೇಳಿದ್ರೆ ಅವನು ಹಾಕಾಕೆ ಬಿಡ್ತಿದ್ನಾ? ಆ ಹೆಂಗಸು ಮೂರನೇ ಸಲ ಕೈಯಲ್ಲಿ ಒಗೀಬೇಕಾಗಿತ್ತು. ಆಮೇಲೆ ಹೇಳೋಣ ಅಂದ್ರು. ಆಮೇಲೆ ನೋಡಿದ್ರೆ ಹುಡುಗ ಅಷ್ಟು ಖುಷಿಯಾಗವ್ನೆ. 'ಕಸ್ತೂರಿ, ಬಾಯಿ ಬರ್ತಾ ಇಲ್ಲ ಕಣೆ,' ಅಂತಾರೆ. ದಿನಾ ಒಂದೊಂದು ದಿನ ಮುಂದಕ್ಕೆ ಹೋಯ್ತು."

"ಅತ್ತೆ, ಹನ್ನೆರಡು ಮೋಟಾರು ತಂದು ಇಟ್ಟವ್ರೆ! ಇದು ಓಡ್ತು ಅಂತ ನಂಬಿ ತಂದವ್ರೆ. ಹನ್ನೆರಡಕ್ಕೂ ನಾನೇ ಬರೆದು ಕೊಟ್ಟೀನಿ!"

ಕಸ್ತೂರಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ನನ್ನ ಕೈಲಾಗಲ್ಲ. ನೀನೇ ಏನಾರ ಮಾಡು," ಎಂದರು.

ಮುರುಗೇಶಪ್ಪ ಬಂದರು, ಮಂಡಕ್ಕಿ ತಿಂದರು, ಚಾ ಕುಡಿದು ಹೋದರು. ಶಿವಲೀಲಾಳಿಗೆ ಅವರು ಏನು ಮಾತಾಡಿದರೆಂಬುದೇ ಗೊತ್ತಿಲ್ಲ. ಹೇಳಿದರೆ ಗಂಡನ ಮುಖ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಆ ಮಿರ್ಚಿ ಕಟ್ಟಿಸಿಕೊಂಡು ಬಂದ ಸಂಜೆ ನೆನಪಾಗಿ ಕಣ್ಣು ತುಂಬಿತು. ಹೇಳದಿದ್ದರೆ? ಜಗಳೂರಿನಲ್ಲಿ ಹನ್ನೆರಡು ಮಷಿನ್, ಅಲ್ಲಿ ಒಗೆಯುವ ಹೆಂಗಸರು, ಅವರ ಕೈಯಲ್ಲೆಲ್ಲ ಅವಳ ಅಕ್ಷರ. ಮಾತು ಆಡಿದರೆ ಹೋಯಿತು ಅನ್ನುತ್ತಾರೆ. ಬರೆದದ್ದು ಅದಕ್ಕಿಂತ ಕೆಟ್ಟದ್ದು, ಅದು ಹೋಗುವುದೇ ಇಲ್ಲ, ಯಾರದೋ ಮನೆಯ ಗೋಡೆಯಲ್ಲಿ ಕುಳಿತಿರುತ್ತದೆ.

ರಾತ್ರಿ ಎಲ್ಲರೂ ಊಟಕ್ಕೆ ಕುಳಿತರು. ಶಿವಲೀಲಾ ರೊಟ್ಟಿಯ ಬುಟ್ಟಿ ಇಟ್ಟಳು, ಪಲ್ಯ ಇಟ್ಟಳು, ಆಮೇಲೆ ಪಂಚೆ ಸುತ್ತಿದ ಮೋಟಾರನ್ನು ತಂದು ಗಂಡನ ತಟ್ಟೆಯ ಪಕ್ಕ ಇಟ್ಟು ಬಿಚ್ಚಿದಳು.

ಗುರು ತನ್ನ ಕೈಬರಹವನ್ನೇ ನೋಡುತ್ತಾ ಕುಳಿತ. "ಇದು ಸವಳಂಗದಲ್ಲಿ ಅಲ್ವಾ ಇರಬೇಕಾದ್ದು?"

ಅವನು ತಂದೆಯ ಕಡೆ ತಿರುಗಿದ. ಬೆನಕಪ್ಪ ಕೈಯಲ್ಲಿದ್ದ ರೊಟ್ಟಿ ತುಂಡನ್ನು ತಟ್ಟೆಗೆ ಹಾಕಿದರು.

"ನಾನೇ ತೆಗೆಸಿದೆ ಕಣೋ," ಎಂದರು.

"ಹಂಗಾದ್ರೆ ಅಲ್ಲಿ ಓಡ್ತಾ ಇರೋದು..."

"ಪ್ರೇಮಮ್ಮಂದು."

ಗುರು ಎದ್ದು ಕೈ ತೊಳೆದ. ಅಂಗಡಿಯಿಂದ ಬ್ಲೇಡ್ ತಂದ. ಮೋಟಾರಿನ ಸಂದಿಯಲ್ಲಿ ಕಾಣುವ ಕೆಂಪು ತಂತಿಯನ್ನು ಒಂದು ಸಲ ಕೆರೆದ, ಇನ್ನೊಂದು ಸಲ ಕೆರೆದ. ಬಣ್ಣ ಎದ್ದು ಬಂತು. ಒಳಗೆ ಬೆಳ್ಳಗೆ, ಬೇಗ ಕಾಯ್ದು ಸುಡುವ ಅಗ್ಗದ ಅಲ್ಯೂಮಿನಿಯಂ. ಅದನ್ನು ದೀಪದ ಕೆಳಗೆ ಹಿಡಿದು ಬಹಳ ಹೊತ್ತು ನೋಡಿದ. ಬೈಯುತ್ತಾನೆಂದು ಶಿವಲೀಲಾ ಕಾದಳು. ಅವನು ಬೈಯಲಿಲ್ಲ.

"ದಾವಣಗೆರೆಯೋನು ನನಗೆ ಮೋಸ ಮಾಡಿದ. ಅದು ಬಿಡ್ರಿ, ಅವನು ವ್ಯಾಪಾರದೋನು," ಎಂದ ಗುರು. "ನೀವು 'ಒಳ್ಳೇ ಮೋಟಾರು' ಅಂದ್ರಲ್ಲ ಅಪ್ಪಾಜಿ. ಹನ್ನೆರಡು ವರ್ಷಕ್ಕೆ ಒಂದು ಸಲ ಹೊಗಳಿದ್ರಿ ಅಂದ್ಕೊಂಡಿದ್ದೆ. ನೀವು ಹೊಗಳಿದ್ದು ನಿಮ್ಮ ಡಬ್ಬಾನಾ?"

ಬ್ಲೇಡನ್ನು ತಟ್ಟೆಯ ಅಂಚಿಗೆ ಇಟ್ಟು ಹೊರಗೆ ಹೋದ. ಬೆನಕಪ್ಪ ಸೊಸೆಯ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಅದೇ ಅವಳಿಗೆ ಹೆಚ್ಚು ಕಷ್ಟವಾಯಿತು.

"ನನ್ನದು ತಪ್ಪೇನಮ್ಮ? ಆಯಮ್ಮನ ಬಟ್ಟೆ ಒಗೀತಲ್ಲ?"

"ಮಷಿನ್‌ಗೆ ಹಾಕಿದ್ದು ತಪ್ಪಲ್ಲ ಮಾವ. ಹೇಳದೆ ಹಾಕಿದ್ದು ತಪ್ಪು," ಎಂದಳು ಶಿವಲೀಲಾ. ಮಾವನಿಗೆ ಎದುರು ಮಾತಾಡಿದ್ದು ಅದೇ ಮೊದಲು.

ಭಾನುವಾರ ಮನೆಯಲ್ಲಿ ಜಗಳವಿಲ್ಲ, ಮಾತೂ ಇಲ್ಲ. ಬಡಿಸಿದ್ದನ್ನು ತಿಂದು ಎದ್ದರು. ಇಂಥ ಊಟಕ್ಕಿಂತ ಜಗಳವೇ ವಾಸಿ ಎಂದು ಕಸ್ತೂರಮ್ಮ ಗೊಣಗಿದರು. ಸೋಮವಾರ ಗುರು ಜಗಳೂರಿಗೆ ಫೋನ್ ಮಾಡಿ ಇನ್ನೂ ಹದಿನೈದು ದಿನ ತಡವಾಗುತ್ತದೆ ಎಂದ. ಅವರು ನಾಲ್ಕು ಮಾತು ಅಂದರು, ಅನ್ನಿಸಿಕೊಂಡ. ಹನ್ನೆರಡು ಡಬ್ಬಿಯನ್ನೂ ದಾವಣಗೆರೆಗೆ ಹೊತ್ತುಕೊಂಡು ಹೋದ. ಸಂಜೆ ಬರಿಗೈಯಲ್ಲಿ ಬಂದು, "ತಗೊಂಡ. ಬೇರೆ ಕಡೆ ನೋಡಿದೀನಿ, ತಾಮ್ರದ್ದು ಸಿಗುತ್ತೆ, ಆರ್ಡರ್ ಕೊಟ್ಟು ಕಾಯಬೇಕು," ಎಂದು ಗೋಡೆಗೆ ಹೇಳುವವನ ಹಾಗೆ ಹೇಳಿದ.

"ಸವಳಂಗಕ್ಕೆ ಯಾವಾಗ?" ಎಂದಳು ಶಿವಲೀಲಾ.

"ಅಲ್ಲಿಗ್ಯಾಕೆ? ಓಡ್ತಾ ಐತಲ್ಲ."

"ಫೋಟೋ ಹಿಂದೆ ನನ್ನ ಬಿಲ್ ಐತೆ ರೀ. ಹೊಸ ಮೋಟಾರು ಅಂತ ಬರೆದೀನಿ. ನೀವು ಬರದೇ ಇದ್ರೆ ನಾನೊಬ್ಳೇ ಬಸ್ಸಿಗೆ ಹೋಗ್ತೀನಿ."

ಪರದೆಯ ಆಚೆಯಿಂದ ಬೆನಕಪ್ಪನವರ ದನಿ ಬಂತು. "ನಾನೂ ಬರ್ತೀನಿ."

ಬುಧವಾರ ಮೂವರೂ ಸವಳಂಗಕ್ಕೆ ಹೋದರು. ಬೈಕಿನಲ್ಲಿ ಗುರು, ಬಸ್ಸಿನಲ್ಲಿ ಮಾವ ಸೊಸೆ. ಕರಿಬಸಮ್ಮ ಆಗತಾನೇ ಅಂಗನವಾಡಿಯಿಂದ ಬಂದಿದ್ದಳು. ಒಳಗೆ ಮಂಚದ ಮೇಲೆ ಮಾರಪ್ಪ, ಬಚ್ಚಲ ಹತ್ತಿರ ಮಷಿನ್, ಅದರ ಮುಂದೆ ಬಕೆಟ್‌ನಲ್ಲಿ ನೆನೆಸಿಟ್ಟ ದುಪ್ಪಟಿಗಳು.

"ಏನವ್ವ, ಮದುವೆ ಕರೆಯಾಕೆ ಬಂದಂಗೆ ಮೂರು ಜನ ಬಂದೀರ? ಕೂತ್ಕೊಳ್ರಿ, ಚಾ ಇಡ್ತೀನಿ."

"ಚಾ ಆಮೇಲೆ ಅಕ್ಕ," ಎಂದ ಗುರು. ಪೇಪರಿನಲ್ಲಿ ಸುತ್ತಿದ ಮೋಟಾರನ್ನು ಅವಳ ಮುಂದಿಟ್ಟ, ಕೆರೆದ ತಂತಿ ತೋರಿಸಿದ. ನಾನು ತಾಮ್ರ ಅಂದಿದ್ದು ತಾಮ್ರ ಅಲ್ಲ, ಎಂದ. ಬೆನಕಪ್ಪ ತಮ್ಮ ಪಾಲಿನದು ಹೇಳಿದರು. ಹಳೇದು ಹಾಕಿ ಹೊಸದು ಅಂತ ನಂಬಿಸಿದೆ ತಾಯಿ, ಎಂದರು.

ಕರಿಬಸಮ್ಮ ಪೂರ್ತಿ ಕೇಳಿದಳು. ನಗು ಹೋಗಿತ್ತು.

"ಎರಡು ಸಲ ಕೆಟ್ಟಾಗ, ನೀವು ಬರೋವರೆಗೆ ಎಲ್ಲ ಸೇರಿ ಹದಿನಾರು ದಿನ ನಾನು ಈ ಕೈಯಲ್ಲಿ ಒಗೆದೀನಿ," ಎಂದು ಊದಿದ ಗಿಣ್ಣುಗಳ ಕೈ ಚಾಚಿದಳು. "ರಾತ್ರಿ ಅನ್ನ ಕಲಸಾಕೆ ಆಗ್ತಿರಲಿಲ್ಲ. ಅದನ್ನ ಯಾವ ಬಿಲ್ಲಲ್ಲಿ ಬರೀತೀಯ, ಲೀಲಾ?"

ಶಿವಲೀಲಾಳಿಗೆ ತಲೆ ಎತ್ತಲಾಗಲಿಲ್ಲ. ಉಪ್ಪಿಟ್ಟು ತಿನ್ನಿಸಿದ ಕೈ ಅದು.

ಗುರು ಎದ್ದ. ಮಷಿನ್ನನ್ನು ಗೋಡೆಯಿಂದ ಈಚೆ ಎಳೆದು, ಹಿಂದಿನ ಮುಚ್ಚಳ ಬಿಚ್ಚಿದ. ಅಪ್ಪನೂ ಅವ್ವನೂ ಸೇರಿ ಹಾಕಿದ ಬೆಲ್ಟು ಒಂದಿಷ್ಟು ಸಡಿಲವಿತ್ತು. ಮೋಟಾರಿನ ಬೋಲ್ಟು ಸಡಿಲಿಸಿ, ಕೂದಲೆಳೆಯಷ್ಟು ಹಿಂದಕ್ಕೆ ಸರಿಸಿ, ಬಿಗಿ ಮಾಡಿದ. ಆಮೇಲೆ ಬಕೆಟ್ಟಿಗೆ ತಾನೇ ಕೈ ಹಾಕಿದ. ಮನೆಯಲ್ಲಿ ತನ್ನ ಬನಿಯನ್ ಕೂಡ ನೆನೆಸದವನು ಮಾರಪ್ಪನ ಗಬ್ಬು ದುಪ್ಪಟಿಗಳನ್ನು ಒಂದೊಂದಾಗಿ ಎತ್ತಿ ಮಷಿನ್‌ಗೆ ಹಾಕಿದ, ನೀರು ಬಿಟ್ಟ, ಟೈಮರ್ ತಿರುವಿದ.

ಗುಂಯ್ ಎಂದು ತಿರುಗಿತು.

ಬೆನಕಪ್ಪ ಹತ್ತಿರ ಬಂದು ಮಷಿನ್ ಮೇಲೆ ಅಂಗೈ ಇಟ್ಟರು. ನಡುಗುವ ಕೈ ಅಲ್ಲಿ ಒಂದು ಗಳಿಗೆ ಹಾಗೇ ನಿಂತಿತು.

"ಬೆಲ್ಟು ಸರಿಯಾಗಿ ಕೂರಿಸಿದೀಯ. ನಾನು ಹಾಕಿದಾಗ ಈ ನಾದ ಇರಲಿಲ್ಲ," ಎಂದರು. "ಇದು ನಿನ್ನ ಕೈಯ ಕೆಲಸಾನೇ ಗುರು. ಸುಳ್ಳಲ್ಲ."

ಗುರು ಬಿಗಿಯಾಗಿಯೇ ಇದ್ದ ಒಂದು ಸ್ಕ್ರೂವನ್ನು ಇನ್ನೊಮ್ಮೆ ಬಿಗಿ ಮಾಡುತ್ತಾ ಮುಖ ಆ ಕಡೆ ತಿರುಗಿಸಿದ.

ಕರಿಬಸಮ್ಮ ಅಪ್ಪನನ್ನು ನೋಡಿದಳು, ಮಗನನ್ನು ನೋಡಿದಳು. "ಯಾರದ್ದಂದ್ರಿ ಈ ಮೋಟಾರು?"

"ನಲ್ಲೂರು ಪ್ರೇಮಮ್ಮಂದು," ಎಂದಳು ಶಿವಲೀಲಾ.

"ಹೆಂಗಸಿಂದಾ? ಅದಕ್ಕೇ ಮತ್ತೆ ದುಡೀತಾ ಬಿದ್ದೈತೆ," ಎಂದಳು ಕರಿಬಸಮ್ಮ. ಮಂಚದ ಮೇಲಿಂದ ಮಾರಪ್ಪ ಗೊರಗೊರ ನಕ್ಕ. "ಆ ಅಲ್ಯೂಮಿನಿಯಮ್ಮು ಇಲ್ಲೇ ಇರಲಿ, ಬಾಗಿಲಿಗೆ ಒತ್ತು ಇಡಾಕೆ ಆಗುತ್ತೆ."

ಫೋಟೋದ ಹಿಂದಿನಿಂದ ಹಳೇ ಬಿಲ್ ತೆಗೆದು ಶಿವಲೀಲಾಳ ಕೈಗೆ ಕೊಟ್ಟಳು. ಶಿವಲೀಲಾ ಅದನ್ನು ಹರಿದು, ಹೊಸ ಹಾಳೆಯಲ್ಲಿ ಬರೆದಳು: ಹಳೇ ಮೋಟಾರ್, ನಲ್ಲೂರು ಪ್ರೇಮಮ್ಮನವರ ಮಷಿನ್‌ನದು, ತಾಮ್ರ. ಗ್ಯಾರಂಟಿ ಎಂದು ಬರೆದು ಪೆನ್ನು ನಿಂತಿತು. ಹಳೇದಕ್ಕೆ ಏನೆಂದು ಬರೆಯುವುದು? ಗಂಡನ ಮುಖ ನೋಡಿದಳು.

"ವರ್ಷ ಗಿರ್ಷ ನನಗೆ ಬೇಡ," ಎಂದಳು ಕರಿಬಸಮ್ಮ. "ಕೆಟ್ಟರೆ ಅಪ್ಪ ಮಗ ಇಬ್ಬರೂ ಕೂಡಿ ಬರಬೇಕು. ಹಂಗಂತ ಬರಿ."

ಶಿವಲೀಲಾ ಕಾದಳು. ಬೆನಕಪ್ಪ ಮಗನ ಕಡೆ ನೋಡಿದರು. ಗುರು ಸ್ಕ್ರೂಡ್ರೈವರನ್ನು ಅಂಗಿಗೆ ಒರೆಸಿ ಚೀಲಕ್ಕೆ ಹಾಕಿದ.

"ಬರಿ," ಎಂದ.

ಅವಳು ದುಂಡಗೆ, ನಿಧಾನವಾಗಿ ಬರೆದಳು. ಕರಿಬಸಮ್ಮ ಕಾಗದವನ್ನು ಮಡಚಿ ಫೋಟೋದ ಹಿಂದೆ ಸಿಕ್ಕಿಸಿ, ಚಾ ಇಡಲು ಒಳಗೆ ಹೋದಳು.